ಒಂಬತ್ತರಲ್ಲಿ ಒಂದು

(ಒಬ್ಬರು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ಜೀವಮಾನವಿಡೀ ಪತ್ರ ಬರೆದವರು, ಈಗ ಮನೆಯಲ್ಲಿದ್ದಾರೆ. ಇನ್ನೊಬ್ಬಳು ಅವರ ಅಕ್ಕನ ಮಗಳು, ಮೈಸೂರಿನಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಊರು ಮಂಡ್ಯದ ಕಡೆ, ನಾಲೆ ಬಯಲು. ಅವಳ ತಂದೆ ತೀರಿಹೋಗಿದ್ದಾರೆ. ಅವಳ ತಮ್ಮ ಹಕ್ಕು ಬಿಡುಗಡೆ ಪತ್ರದ ಒಂದು ಕರಡು ಕಳಿಸಿದ್ದಾನೆ. ಸಮಾನತೆ ಎಂಬ ದೊಡ್ಡ ಮಾತನ್ನು ಇವರಿಬ್ಬರೂ ಬೇಕೆಂದು ಎತ್ತಿಕೊಂಡವರಲ್ಲ. ಕಾಗದದ ಹಿಂದೆಯೇ ಅದೂ ಬಂತು.)

ಮಾವ: ಈ ಕರಡು ಬರೆದವನು ಹೊಸಬ ಕಣಮ್ಮ. ‘ಸ್ವಇಚ್ಛೆಯಿಂದ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಟ್ಟಿದ್ದಾನೆ. ನಾವಾದರೆ ಸ್ವಸಂತೋಷ, ಸ್ವಇಚ್ಛೆ, ಸ್ಥಿರಬುದ್ಧಿ, ಯಾರ ಬಲವಂತಕ್ಕೂ ಪ್ರೇರೇಪಣೆಗೂ ಒಳಗಾಗದೆ ಅಂತ ಒಂದು ಸಾಲು ಪೂರ್ತಿ ಎಳೀತಿದ್ವಿ.

ಅವಳು: ಕ್ರಯಪತ್ರಕ್ಕೂ ಅಷ್ಟೇ ಎಳೀತಿದ್ರಾ ಮಾವ?

ಮಾವ: ಅಲ್ಲಿ ಬಂದ ದುಡ್ಡು ಬರೆದರೆ ಸಾಕು. ದುಡ್ಡು ಬರದ ಕಡೆ ಸಂತೋಷ ಜಾಸ್ತಿ ಬರೀಬೇಕಾಗುತ್ತೆ.

ಅವಳು: ಇದನ್ನ ನೀವು ನಗ್ತಾ ಹೇಳ್ತೀರಿ.

ಮಾವ: ನಗದೆ ಇನ್ನೇನು ಮಾಡಲಿ. ಹಕ್ಕು ಬಿಡುಗಡೆ ಪತ್ರ ಎಷ್ಟು ಬರೆದೆನೋ ಲೆಕ್ಕ ಇಟ್ಟವರಾರು. ಎಲ್ಲದರಲ್ಲೂ ಅದೇ ವಾಕ್ಯ. ಬೆಳಗ್ಗೆ ತಮ್ಮನೇ ಗಾಡಿ ಮಾಡ್ಕೊಂಡು ಹೋಗಿ ಅಕ್ಕತಂಗಿಯರನ್ನ ಅವರವರ ಊರಿಂದ ಹತ್ತಿಸ್ಕೊಂಡು ಬರೋನು. ಮೈಮೇಲೆ ಹೊಸ ಸೀರೆ, ಅವನೇ ತಂದುಕೊಟ್ಟಿದ್ದು. ಕಚೇರೀಲಿ ಹೆಸರು ಕೂಗಿದಾಗ ಒಬ್ಬೊಬ್ಬರೇ ಹೋಗಿ ಕ್ಯಾಮೆರಾ ಮುಂದೆ ಕೂರೋದು, ಹೆಬ್ಬೆಟ್ಟು ಒತ್ತೋದು. ‘ಓದಿಸಿ ಕೇಳಿದಿರೇನಮ್ಮ?’ ಅಂತ ಸಾಹೇಬರು ಕೇಳಿದರೆ ಅವರು ತಿರುಗಿ ತಮ್ಮನ ಮುಖ ನೋಡೋರು. ಆಮೇಲೆ ಹೋಟೆಲಲ್ಲಿ ಎಲ್ಲರಿಗೂ ಊಟ, ಮಕ್ಕಳಿಗೆ ಜಾಮೂನು. ಸಂಜೆ ಹೊತ್ತಿಗೆ ಮನೆ ಸೇರಿರೋರು. ಒಂದು ಜಗಳ ಇಲ್ಲ, ಒಂದು ಕಣ್ಣೀರಿಲ್ಲ. ಅದನ್ನ ನೋಡಿ ಬಲವಂತ ಅಂತ ನಾನು ಹೇಗೆ ಹೇಳಲಿ?

ಅವಳು: ಬಲವಂತ ಮಾಡೋಕೆ ಯಾರಾದರೂ ಬೇಕೇ ಬೇಕಾ? ಸಹಿ ಹಾಕದಿದ್ದರೆ ಗೌರಿ ಹಬ್ಬಕ್ಕೆ ಬಾಗಿನ ಬರಲ್ಲ, ಮಗಳ ಮದುವೇಲಿ ಸೋದರಮಾವನ ಜಾಗ ಖಾಲಿ, ಗಂಡ ಹೊಡೆದು ಹೊರಗೆ ಹಾಕಿದ ದಿನ ಬಸ್ಸು ಹತ್ತಿ ಹೋಗೋಕೆ ಒಂದು ಊರಿಲ್ಲ. ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ಹೇಳೋ ಅಗತ್ಯವೂ ಇಲ್ಲ.

ಮಾವ: ನಿನ್ನ ತಮ್ಮ ಅಂಥವನಲ್ಲ.

ಅವಳು: ಅಲ್ಲ. ನನ್ನ ಗಂಡನೂ ಹೊಡೆಯೋನಲ್ಲ. ನನ್ನ ಮಾತು ಬಿಡಿ. ಅಮ್ಮನ ಮಾತು ಹೇಳಿ. ಅಮ್ಮನ ಪತ್ರಾನೂ ನೀವೇ ಬರೆದದ್ದಲ್ವಾ?

ಮಾವ: ನಾನೇ ಬರೆದರೆ ಚೆನ್ನಾಗಿರಲ್ಲ ಅಂತ ಪಕ್ಕದ ಮೇಜಿನವನ ಕೈಲಿ ಬರೆಸಿದೆ. 1990ರಲ್ಲಿ. ಅಪ್ಪ ಹೋಗಿದ್ದು 1988ರಲ್ಲಿ. ಅವ್ವ ಅದಕ್ಕೂ ಮುಂಚೇನೇ ಹೋಗಿದ್ದಳು. ಪಿತ್ರಾರ್ಜಿತ ಒಂಬತ್ತು ಎಕರೆ. ನಾನು, ನನ್ನ ತಮ್ಮ, ನಿಮ್ಮಮ್ಮ. ಈಗ ನೀನು ‘ಮೂರು ಜನ ಮಕ್ಕಳು, ಮೂರು ಮೂರು ಎಕರೆ’ ಅಂತೀಯ. ಆಗಿನ ಕಾನೂನು ಹಾಗಿರಲಿಲ್ಲ.

ಅವಳು: ಹೇಗಿತ್ತು ಅಂತ ನಿಮ್ಮ ಬಾಯಲ್ಲೇ ಕೇಳಬೇಕು.

ಮಾವ: ಕೇಳು ಮತ್ತೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅಪ್ಪ ಸಾಯೋ ಗಳಿಗೆ ಮುಂಚೆ ಒಂದು ವಿಭಾಗ ಆಯ್ತು ಅಂತ ಮನಸ್ಸಲ್ಲೇ ಅಂದುಕೋಬೇಕು. ಆ ವಿಭಾಗದಲ್ಲಿ ಪಾಲು ಇರೋದು ಹುಟ್ಟಿನಿಂದಲೇ ಹಕ್ಕು ಬಂದ ಗಂಡಸರಿಗೆ: ಅಪ್ಪನಿಗೆ ಮೂರು, ನನಗೆ ಮೂರು, ತಮ್ಮನಿಗೆ ಮೂರು. ಆಮೇಲೆ ಅಪ್ಪನ ಮೂರು ಎಕರೆಯನ್ನ ಮೂರೂ ಮಕ್ಕಳಿಗೆ ಹಂಚಬೇಕು, ಅಲ್ಲಿ ಮಗಳೂ ಬರ್ತಾಳೆ. ತಲೆಗೆ ಒಂದೊಂದು ಎಕರೆ. ಅಲ್ಲಿಗೆ ನಮಗೆ ನಾಲ್ಕು ನಾಲ್ಕು, ನಿಮ್ಮಮ್ಮನಿಗೆ ಒಂದು. ಒಂಬತ್ತರಲ್ಲಿ ಒಂದು.

ಅವಳು: ಆ ಒಂದನ್ನೂ ಬಿಡಿಸ್ಕೊಂಡ್ರಿ.

ಮಾವ: ಆ ಒಂದು ಎಕರೆ ಎಲ್ಲಿ ಅಂತ ತೋರಿಸೋದು? ಬದು ಎಲ್ಲಿ ಹಾಕೋದು? ಅವಳು ಮದ್ದೂರಿನ ಆಚೆ ಇದ್ದಳು. ಬಂದು ಉಳ್ತಿದ್ದಳಾ?

ಅವಳು: ಚಿಕ್ಕಮಾವ ಆಗ ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದರು. ಅವರು ಬಂದು ಉಳ್ತಿದ್ರಾ?

ಮಾವ: ಅವನು ವಾರಕ್ಕೆ ಕೊಟ್ಟಿದ್ದ.

ಅವಳು: ಅಮ್ಮನೂ ವಾರಕ್ಕೆ ಕೊಡಬಹುದಿತ್ತು.

ಮಾವ: ನೀನು ಮಾತಿಗೆ ಮಾತು ಕೊಡ್ತೀಯ. ಸರಿ, ಮದುವೆ ಖರ್ಚು? ನಿಮ್ಮಮ್ಮನ ಮದುವೆಗೆ ಅಪ್ಪ ಒಂದು ಜೊತೆ ಎತ್ತು ಮಾರಿದ. ಚಿನ್ನ ಹಾಕಿದ. ಅದು ಪಾಲಲ್ವಾ?

ಅವಳು: ನಿಮ್ಮ ಮದುವೆಗೆ ಏನೂ ಖರ್ಚಾಗಲಿಲ್ವಾ ಮಾವ? ನನ್ನ ತಮ್ಮನಿಗೆ ಎಂಜಿನಿಯರಿಂಗ್ ಸೀಟಿಗೆ ಅಪ್ಪ ಕಟ್ಟಿದ್ದನ್ನ ಅವನ ಪಾಲಲ್ಲಿ ಯಾರೂ ಕಳೀತಿಲ್ಲ. ವರದಕ್ಷಿಣೆ 1961ರಿಂದ ಅಪರಾಧ. ಕೊಟ್ಟಿದ್ದು ಹೋದದ್ದು ಗಂಡಿನ ಮನೆಗೆ. ಅದನ್ನ ಹೆಣ್ಣಿನ ಲೆಕ್ಕಕ್ಕೆ ಬರೆಯೋದು ಯಾವ ಪತ್ರದ ರೀತಿ? ಇನ್ನೊಂದು ವಿಷಯ. ‘ಮದುವೆ ಮಾಡಿದ್ವಲ್ಲ, ಅಲ್ಲಿಗೆ ಸರಿಹೋಯ್ತು’ ಅನ್ನೋ ವಾದ ಇಂದಿನದಲ್ಲ. ಒಂಬೈನೂರು ವರ್ಷದ ಹಿಂದೆ ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಇದನ್ನೇ ಎದುರಿಸಿದ್ದ. ಸೋದರಿಯರಿಗೆ ಕಾಲು ಪಾಲು ಅಂತ ಯಾಜ್ಞವಲ್ಕ್ಯ ಸ್ಮೃತಿಯಲ್ಲಿದೆ. ಅದು ಮದುವೆ ಖರ್ಚಿಗೆ ಸಾಕಾಗುವಷ್ಟು ಅಂತ ಅರ್ಥ ಮಾಡಿದ ಪಂಡಿತರಿದ್ದರು. ಇವನು ಒಪ್ಪಲಿಲ್ಲ. ಮದುವೆಯಾಗದ ತಂಗಿಗೆ ಅದು ನಿಜವಾದ ಪಾಲೇ ಅಂದ.

ಮಾವ: ಮಿತಾಕ್ಷರ ಬರೆದವನೇ? ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂತ ಹೇಳಿದವನೂ ಅವನೇ ಅಲ್ವಾ. ನಮಗೆ ನಾಲ್ಕು ಎಕರೆ ಬಂದದ್ದು ಅವನ ದಯದಿಂದ.

ಅವಳು: ಎರಡನ್ನೂ ಅವನೇ ಹೇಳಿದ. ದೇಶದ ಬಹುಪಾಲು ಭಾಗ ಗಂಡುಮಗನ ಹಕ್ಕನ್ನ ಹಿಡ್ಕೊಂಡು ತಂಗಿಯ ಪಾಲನ್ನ ಮರೆತುಬಿಡ್ತು. ಆಮೇಲೆ ಕಾಲಿನಿಂದ ಅರ್ಧಕ್ಕೆ, ಅರ್ಧದಿಂದ ಒಂದಕ್ಕೆ ಏರೋಕೆ ಎಷ್ಟು ಕಾಲ ಹಿಡೀತು ನೋಡಿ. ಮೈಸೂರು ಸಂಸ್ಥಾನ 1933ರಲ್ಲೇ ಹೆಂಗಸರ ಹಕ್ಕಿನ ಕಾಯ್ದೆ ಮಾಡ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಕಾಯ್ದೆ ಬಂದದ್ದು ಅದಾಗಿ ನಾಲ್ಕು ವರ್ಷಕ್ಕೆ. ನಾವು ಅದಕ್ಕೆ ಎದೆ ತಟ್ಟಿಕೋಬಹುದು. ಆದರೆ ಅದರಲ್ಲೂ ಮದುವೆಯಾಗದ ಮಗಳಿಗೆ ಅಣ್ಣನ ಪಾಲಿನ ಕಾಲು ಭಾಗ, ಅಷ್ಟೇ. ಆಮೇಲೆ ಮಂಗಳೂರಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರ ಸಮಿತಿ ಮಗಳಿಗೆ ಅರ್ಧ ಅಂತು. ಅಂಬೇಡ್ಕರ್ ಕೈಗೆ ಬಂದಾಗ ಅದು ಸಮಪಾಲು ಆಯ್ತು. ಆ ಹಿಂದೂ ಕೋಡ್ ಮಸೂದೆ ಪಾಸಾಗಲಿಲ್ಲ, ಅವರು 1951ರಲ್ಲಿ ಮಂತ್ರಿಗಿರಿ ಬಿಟ್ಟು ಹೋದರು. ಐದು ವರ್ಷದ ಮೇಲೆ ತುಂಡುತುಂಡಾಗಿ ಬಂದ ಕಾಯ್ದೆಯಲ್ಲಿ ನಿಮ್ಮ ಮನಸ್ಸಲ್ಲೇ ಆಗೋ ವಿಭಾಗ ಇತ್ತು.

ಮಾವ: ಬೇರೆ ಮತದವರಲ್ಲಿ?

ಅವಳು: ಮುಸಲ್ಮಾನರಲ್ಲಿ ಮಗನ ಪಾಲಿನ ಅರ್ಧ ಮಗಳಿಗೆ. ಕ್ರೈಸ್ತರಲ್ಲಿ 1925ರ ಕಾಯ್ದೆಯಂತೆ ಸಮ. ಸಹಿ ಮಾತ್ರ ಎಲ್ಲರ ಮನೇಲೂ ಕೇಳ್ತಾರೆ.

ಮಾವ: ಹೂಂ. ನನಗೆ ಈ ಸಮಾನತೆ ಬಗ್ಗೆ ತಲೆ ಕೆಟ್ಟದ್ದು 1994ರಲ್ಲಿ. ಆ ವರ್ಷ ಜುಲೈ 30ಕ್ಕೆ ನಮ್ಮ ರಾಜ್ಯದ ತಿದ್ದುಪಡಿ ಜಾರಿಗೆ ಬಂತು. ಮಗಳೂ ಹುಟ್ಟಿನಿಂದಲೇ ಸಮಪಾಲುದಾರಳು. ಆದರೆ ಅದಕ್ಕೂ ಮುಂಚೆ ಮದುವೆಯಾದವಳು ಆ ಲೆಕ್ಕಕ್ಕಿಲ್ಲ. ಒಂದು ಮನೆಯವರು ನನ್ನ ಹತ್ತಿರ ಬಂದರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆ ಆ ವರ್ಷದ ಬೇಸಿಗೇಲಿ, ಚಿಕ್ಕವಳದ್ದು ಶ್ರಾವಣದಲ್ಲಿ. ಒಂದೇ ಹೊಟ್ಟೇಲಿ ಹುಟ್ಟಿದವರು. ಒಬ್ಬಳು ಅಣ್ಣಂದಿರಿಗೆ ಸಮ, ಇನ್ನೊಬ್ಬಳು ಅಲ್ಲ. ದೊಡ್ಡವಳು ಲಗ್ನಪತ್ರಿಕೆ ಹಿಡ್ಕೊಂಡು ಬಂದಿದ್ದಳು, ದಿನಾಂಕ ತೋರಿಸಿ ‘ಇನ್ನೆರಡು ತಿಂಗಳು ತಡೆದಿದ್ದರೆ?’ ಅಂದಳು. ನಾನೇನು ಹೇಳಲಿ. ಕಾನೂನಿಗೆ ಒಂದು ತಾರೀಕು ಬೇಕಲ್ಲಮ್ಮ ಅಂದೆ.

ಅವಳು: ಆ ತಾರೀಕು ತೆಗೆಯೋಕೆ 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಬರಬೇಕಾಯ್ತು. ಅಲ್ಲೂ ಮತ್ತೆ ಗೋಜಲು. ಆ ದಿನ ತಂದೆ ಬದುಕಿದ್ದರೆ ಮಾತ್ರ ಅಂತ 2015ರಲ್ಲಿ ಸುಪ್ರೀಂ ಕೋರ್ಟು ಅಂತು. ಆ ಕೇಸೂ ನಮ್ಮ ರಾಜ್ಯದ್ದೇ. 2018ರಲ್ಲಿ ನಮ್ಮವರದೇ ಇನ್ನೊಂದು ಕೇಸಲ್ಲಿ, ಮೊದಲೇ ತೀರಿಹೋದ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಡಿಸ್ತು. ಕೊನೆಗೆ 2020ರ ಆಗಸ್ಟ್ 11ಕ್ಕೆ ಮೂವರು ನ್ಯಾಯಮೂರ್ತಿಗಳು ಕೂತು, ಹಕ್ಕು ಬರೋದು ಮಗಳ ಹುಟ್ಟಿನಿಂದ, ತಂದೆ ಆ ದಿನ ಇದ್ದನೋ ಇಲ್ಲವೋ ಅನ್ನೋದು ಬೇಡ ಅಂದರು.

ಮಾವ: ನಮ್ಮದಕ್ಕೆ ಅದು ತಾಗಲ್ಲ. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ರಿಜಿಸ್ಟರ್ ಆದ ವಿಭಾಗಗಳನ್ನ ಕಾಯ್ದೆ ಮುಟ್ಟಲ್ಲ.

ಅವಳು: ಗೊತ್ತು. ನೀವು ಅದನ್ನ ನೋಡ್ಕೊಂಡಿರ್ತೀರಿ ಅಂತಲೂ ಗೊತ್ತಿತ್ತು.

ಮಾವ: ನೋಡ್ಕೊಳ್ಳದೆ ಇರ್ತೀನಾ, ಅದೇ ಕಸುಬು. 2005 ಆದ ಮೇಲೆ ನನ್ನ ಮೇಜಿಗೆ ಒಂದು ಹೊಸ ಗಿರಾಕಿ ಬಂತು: ಉಯಿಲು, ದಾನಪತ್ರ. ಮೊದಲು ಮುದುಕರು ಉಯಿಲು ಅಂದರೆ ಹೆದರೋರು, ಬರೆಸಿದ ಕೂಡಲೇ ಸಾಯ್ತೀವಿ ಅಂತ. ಆಮೇಲೆ ಮಕ್ಕಳೇ ಆಟೋದಲ್ಲಿ ಕೂರಿಸ್ಕೊಂಡು ಬರೋಕೆ ಶುರುಮಾಡಿದರು. ಸ್ವಂತ ಸಂಪಾದನೆ ಯಾರಿಗೆ ಬೇಕಾದರೂ ಬರೀಬಹುದಲ್ಲ. ಒಂದು ಬಾಗಿಲು ತೆಗೆದರೆ ಇನ್ನೊಂದು ಮುಚ್ಚುತ್ತೆ. ಅದಕ್ಕೇ ನಾನು ಹೇಳೋದು, ಕಾಗದದಲ್ಲಿ ಸಮ ಅಂತ ಬರೆದ ಮಾತ್ರಕ್ಕೆ ಯಾರೂ ಸಮ ಆಗಲ್ಲ. ಅದೂ ಅಲ್ಲದೆ ನಿನಗೆ ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡ.

ಅವಳು: ಕೇಳಿ.

ಮಾವ: ನಿನಗೆ ತಿಂಗಳಾದರೆ ಸಂಬಳ. ನಿನ್ನ ತಮ್ಮ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಂದು ಕಬ್ಬು ಹಾಕ್ಕೊಂಡು ಕೂತಿದ್ದಾನೆ. ಕಾರ್ಖಾನೆ ಬಿಲ್ಲು ಬಂದಾಗ ಬಂತು. ಬೋರ್ ಕೊರೆಸಿದ ಸಾಲ ಇದೆ. ನಿಮ್ಮಪ್ಪ ಮಲಗಿದ್ದಾಗ ತೊಳೆದು ಬಳಿದವನು ಅವನು, ಅವನ ಹೆಂಡತಿ. ಇಬ್ಬರಿಗೂ ಸಮ ಅಂದರೆ ಅದು ಸಮಾನತೆಯೋ, ಅನ್ಯಾಯವೋ?

ಅವಳು: ಇದು ತೂಕದ ಮಾತು. ನೀವು ಇದನ್ನೇ ಮೊದಲು ಹೇಳಬೇಕಿತ್ತು. ಆದರೆ ಇದಕ್ಕೆ ಎರಡು ಕಡೆ ಇದೆ. ಅಕ್ಕ ಬಡವಿ, ತಮ್ಮ ಸಾಹುಕಾರ ಅನ್ನೋ ಮನೆಗಳ ಪತ್ರಾನೂ ನೀವು ಬರೆದಿರಬೇಕಲ್ವಾ. ‘ಅಕ್ಕನಿಗೆ ಕಷ್ಟ ಇದೆ, ಅವಳಿಗೆ ಎರಡು ಪಾಲು ಹಾಕಿ’ ಅಂತ ಬಂದವರು ಎಷ್ಟು ಜನ?

ಮಾವ: (ಸ್ವಲ್ಪ ಹೊತ್ತಿನ ಮೇಲೆ) ಒಬ್ಬ ಬಂದಿದ್ದ. ಅವನನ್ನ ಊರವರು ಹುಚ್ಚ ಅಂತಿದ್ದರು.

ಅವಳು: ಅಂದರೆ ‘ಯಾರಿಗೆ ಅಗತ್ಯ ಜಾಸ್ತಿ ಅವರಿಗೆ ಜಾಸ್ತಿ’ ಅನ್ನೋ ಧರ್ಮ ಒಂದೇ ದಿಕ್ಕಿಗೆ ಹರಿಯೋ ನಾಲೆ. ಅಪ್ಪನ ಆರೈಕೆ ವಿಷಯಕ್ಕೆ ಬನ್ನಿ. ತಂದೆತಾಯಿ ನೋಡ್ಕೊಳ್ಳೋ ಹೊಣೆ 2007ರ ಕಾಯ್ದೇಲಿ ಮಗಳಿಗೂ ಇದೆ. ಆಸ್ಪತ್ರೆ ಬಿಲ್ಲಲ್ಲಿ ನಾನು ಕೊಟ್ಟದ್ದಿದೆ. ತೊಳೆದು ಬಳಿದದ್ದು ಅವರು. ಆ ಸೇವೆಗೆ ಬೆಲೆ ಕಟ್ಟಿ, ಅವನ ಕಡೆ ಹಾಕಿ, ನಾನು ಬೇಡ ಅನ್ನಲ್ಲ. ಆದರೆ ತೊಳೆದವರು ಹೆಚ್ಚಾಗಿ ತಮ್ಮನ ಹೆಂಡತಿ. ಅವಳ ಹೆಸರು ಪಹಣೀಲಿ ಬರುತ್ತಾ? ಬೋರಿನ ಸಾಲ ಇದೆಯಾ, ಕಳೀರಿ. ಸಮಪಾಲುದಾರಳು ಅಂದಮೇಲೆ ಸಾಲದ ಹೊಣೆಯೂ ಸಮ ಅಂತ ಕಾಯ್ದೇಲೇ ಇದೆ.

ಮಾವ: ಹಾಗೆ ಕಳೆದು ಕೂಡಿದರೆ ನಿನಗೆ ಉಳಿಯೋದು ಮುಕ್ಕಾಲು ಎಕರೆಯೋ ಏನೋ.

ಅವಳು: ಉಳಿಯಲಿ. ಏನೂ ಉಳಿಯದಿದ್ದರೂ ಸರಿ.

ಮಾವ: ಏನೂ ಉಳಿಯದಿದ್ದರೂ ಸರಿ ಅಂದಮೇಲೆ ಈ ಪತ್ರಕ್ಕೆ ಸಹಿ ಹಾಕೋಕೆ ಏನು ರೋಗ?

ಅವಳು: ನೀವೂ ಚಿಕ್ಕಮಾವನೂ ಪಾಲಾದ ಕಥೆ ಅಮ್ಮ ಹೇಳಿದ್ದಾಳೆ. ಮೂರು ದಿನ ಪಂಚರು ಕೂತಿದ್ದರಂತೆ. ಬಾವಿ ನೀರಿಗೆ ಸರದಿ ಹಾಕಿದ್ರಿ. ಬದುವಿನ ಮೇಲಿನ ತೆಂಗಿನಮರ ಯಾರಿಗೆ ಅಂತ ಕೂಗಾಡಿ ಕೊನೆಗೆ ಕಾಯಿ ಅರ್ಧ ಅರ್ಧ ಅಂತ ಬರೆಸಿದ್ರಿ. ಕೊಟ್ಟಿಗೆ ಅಳೆದ್ರಿ. ನೆಲದಲ್ಲಿ ಹೂತ ಒರಳುಕಲ್ಲನ್ನೂ ಬಿಡಲಿಲ್ಲ, ಅದು ಪತ್ರದಲ್ಲಿದೆ, ನಾನು ನೋಡಿದ್ದೀನಿ. ಅದಾದ ಮೇಲೆ ಯಾರಾದರೂ ನಿಮ್ಮನ್ನ ಆಸೆಬುರುಕ ಅಂದ್ರಾ? ತಮ್ಮನ ಮನೆ ಹಾಳುಮಾಡಿದ ಅಂದ್ರಾ?

ಮಾವ: ಯಾಕಂತಾರೆ? ಪಾಲುದಾರರು ಅಂದಮೇಲೆ ಕೂತು ಹರಿಸ್ಕೋತಾರೆ.

ಅವಳು: ಅದನ್ನೇ ನಾನು ಹೇಳ್ತಿರೋದು. ಆ ಮೂರು ದಿನ ಅಮ್ಮ ಎಲ್ಲಿದ್ದಳು?

ಮಾವ: ಬಂದಿದ್ದಳು. ಪಂಚರಿಗೆ ಅಡುಗೆ ಮಾಡಿದ್ದೇ ಅವಳು.

ಅವಳು: ಮುದ್ದೆ ತಿರುವುತ್ತಾ ಒಳಗಿಂದ ಕೇಳಿಸ್ಕೊಂಡಳಂತೆ. ಒಂದು ಎಕರೆ ಹೋದದ್ದು ಅವಳಿಗೆ ಅಂಥ ಸಂಕಟ ಅಲ್ಲ. ಅವಳನ್ನ ಕೂರಿಸ್ಕೊಂಡು ‘ನಿಂದು ಇಷ್ಟು ಬರುತ್ತೆ, ಮದುವೆ ಖರ್ಚು ಇಷ್ಟು ಕಳೀತೀವಿ, ಒಪ್ಪಿಗೆಯಾ’ ಅಂತ ಒಬ್ಬರೂ ಕೇಳಲಿಲ್ಲ. ನಿಮ್ಮಿಬ್ಬರ ಮಧ್ಯೆ ಲೆಕ್ಕ ನಡೀತು, ಅವಳಿಗೆ ಸೀರೆ ಬಂತು. ಸಮಾನತೆ ಅಂದರೆ ಒಂದೇ ಅಳತೆಯ ತುಂಡು ಅಂತ ನಾನು ಪಾಠದಲ್ಲಿ ಹೇಳಲ್ಲ ಮಾವ. ಯಾರ ಜೊತೆ ಲೆಕ್ಕಕ್ಕೆ ಕೂರ್ತೀವೋ, ಜಗಳ ಆಡಿದ ಮೇಲೂ ಯಾರು ನಮ್ಮವರಾಗಿ ಉಳೀತಾರೋ, ಅವರೇ ನಮಗೆ ಸಮ. ಅಕ್ಕನಿಗೆ ಉಡುಗೊರೆ ಕೊಡಬಹುದು, ಕರುಣೆ ತೋರಿಸಬಹುದು, ಅವಳ ಜೊತೆ ಪಾಲಿಗೆ ಜಗಳ ಆಡೋದು ಮಾತ್ರ ಅಸಹ್ಯ.

ಮಾವ: ಜಗಳ ಇಲ್ಲದಿರೋದೇ ಪ್ರೀತಿ ಅಂತ ನಾವು ತಿಳ್ಕೊಂಡಿದ್ದೆವು.

ಅವಳು: ಆ ಪ್ರೀತಿ ಸುಳ್ಳು ಅಂತ ನಾನು ಹೇಳ್ತಿಲ್ಲ.

ಮಾವ: ಇರಲಿ. ನಿನ್ನ ನಾದಿನಿ ಇದ್ದಾಳಲ್ಲ, ಹುಣಸೂರಲ್ಲಿ. ಅವಳ ಪಾಲು ಏನಾಯ್ತು?

ಅವಳು: ಕೇಳ್ತೀರಿ ಅಂತ ಕಾಯ್ತಿದ್ದೆ. ಮಾವನವರು ಹೋದಮೇಲೆ ಪೌತಿ ಖಾತೆ ಮೂವರ ಹೆಸರಿಗೆ ಮಾಡಿಸಿದ್ದೀವಿ, ಅವಳದೂ ಇದೆ. ಪಹಣೀಲಿ ನೋಡಿದರೆ ನಮ್ಮನೆ ಬಹಳ ದೊಡ್ಡಮನೆ. ಫಸಲಿನ ದುಡ್ಡು ಒಂದು ವರ್ಷವೂ ಹುಣಸೂರಿಗೆ ಹೋಗಿಲ್ಲ. ಇವರ ಹತ್ತಿರ ಆ ಮಾತು ತೆಗೆದಾಗಲೆಲ್ಲ ‘ಅವಳು ಕೇಳಿಲ್ಲವಲ್ಲ’ ಅಂತಾರೆ.

ಮಾವ: ನೋಡಿದೆಯಾ. ಅಕ್ಕನಾಗಿ ಒಂದು ನ್ಯಾಯ, ಅತ್ತಿಗೆಯಾಗಿ ಇನ್ನೊಂದು.

ಅವಳು: ಆ ಮಾತು ನನಗೆ ತಾಗುತ್ತೆ, ತಾಗಲಿ. ಆದರೆ ಅದನ್ನ ನನ್ನ ಗಂಡನಿಗೂ ಕೇಳಿ, ನನ್ನ ತಮ್ಮನಿಗೂ ಕೇಳಿ. ಅವರಿಬ್ಬರಿಗೂ ಅಕ್ಕತಂಗಿಯರಿದ್ದಾರೆ, ಹೆಂಡತಿಯರಿದ್ದಾರೆ. ಅವರು ಎರಡೂ ಕಡೆ ನಿಂತು ನ್ಯಾಯ ಹೇಳಬೇಕಾಗಿಲ್ಲ. ‘ಮೊದಲು ನಿನ್ನ ನಾದಿನಿಗೆ ಕೊಡು’ ಅನ್ನೋ ಮಾತು ಹೆಂಗಸಿಗೆ ಮಾತ್ರ ಬರುತ್ತೆ. ಹುಣಸೂರಿನ ಲೆಕ್ಕವೂ ಆಗಲಿ, ಈ ಲೆಕ್ಕವೂ ಆಗಲಿ. ಒಂದಕ್ಕೊಂದು ಅಡ್ಡ ನಿಲ್ಲಿಸಬೇಡಿ.

ಮಾವ: ನೀನು ಇಷ್ಟೆಲ್ಲ ಮಾತಾಡ್ತೀಯ. ನಮ್ಮೂರ ಕೆಳಗಿನ ಬೀದಿಯವರಿಗೆ ಈ ಪುರಾಣ ಯಾವುದೂ ಬೇಡ. ಅಲ್ಲಿ ಎಷ್ಟೋ ಮನೇಲಿ ಅಣ್ಣತಂಗಿ ಸರಿಸಮ. ಯಾಕಂದರೆ ಹಂಚೋಕೆ ನಿವೇಶನ ಬಿಟ್ಟರೆ ಏನೂ ಇಲ್ಲ.

ಅವಳು: ಸೊನ್ನೆಯಲ್ಲಿ ಸಮಪಾಲು.

ಮಾವ: ಹೌದು. 1974ರಲ್ಲಿ ದೇವರಾಜ ಅರಸು ಅವರ ಕಾಲದಲ್ಲಿ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಗೇಣಿದಾರರು ಏಳನೇ ನಂಬರ್ ಫಾರಂ ಹಾಕಿದರು. ನಾನಿನ್ನೂ ಹುಡುಗ, ಆ ಫಾರಂ ತುಂಬೋದರಲ್ಲೇ ನನ್ನ ಕೈ ಪಳಗಿದ್ದು. ಗೇಣಿ ಚೀಟಿಯೋ ಪಹಣಿಯೋ ಇದ್ದವನಿಗೆ ಜಮೀನು ಬಂತು. ಆ ಗದ್ದೆಗಳಲ್ಲೇ ಕೂಲಿಗೆ ಬರ್ತಿದ್ದವರಿಗೆ ಬರಲಿಲ್ಲ. ನಾಟಿ ಹಾಕಿದ ಹೆಂಗಸರಿಗಂತೂ ಬರಲೇ ಇಲ್ಲ. ನಾನು ತುಂಬಿದ ಫಾರಂಗಳಲ್ಲಿ ಹೆಂಗಸಿನ ಹೆಸರು ಬಂದದ್ದು ಗಂಡ ಸತ್ತಿದ್ದರೆ ಮಾತ್ರ. ಅಷ್ಟು ದೊಡ್ಡ ಕಾನೂನು, ಅಷ್ಟು ಜನಕ್ಕೆ ಅನ್ನ ಕೊಡ್ತು, ಆದರೂ ಮನೆ ಹೊಸ್ತಿಲ ಹೊರಗೇ ನಿಂತಿತು. ನಿನ್ನ ಸಮಪಾಲು ಹೊಸ್ತಿಲ ಒಳಗೆ ಬಂದಿದೆ, ಬೀದಿಗೆ ಇಳಿದಿಲ್ಲ.

ಅವಳು: ಇದನ್ನ ಕ್ಲಾಸಲ್ಲಿ ಹೇಳ್ತೀನಿ, ನಿಮ್ಮ ಹೆಸರು ಹೇಳದೆ.

ಮಾವ: ಹೇಳ್ಕೋ. ಈಗ ಈ ಕರಡು ಏನು ಮಾಡಲಿ?

ಅವಳು: ಅದರಲ್ಲಿ ‘ನನಗೆ ಸದರಿ ಸ್ವತ್ತಿನಲ್ಲಿ ಯಾವುದೇ ಹಕ್ಕು ಇರುವುದಿಲ್ಲ’ ಅಂತಿದೆ. ಇಲ್ಲದ ಹಕ್ಕನ್ನ ಬಿಡುಗಡೆ ಮಾಡೋದಾದರೂ ಹೇಗೆ? ಅದು ಬೇಡ. ವಿಭಾಗ ಪತ್ರ ಬರೀರಿ. ಎ ಷೆಡ್ಯೂಲು ತಮ್ಮಂದು, ಬಿ ನಂದು, ಸಿ ಅಮ್ಮಂದು. ಸಾಲ, ಆಸ್ಪತ್ರೆ, ಎಂಜಿನಿಯರಿಂಗ್, ನನ್ನ ಮದುವೆ, ಎಲ್ಲ ಒಂದು ಹಾಳೇಲಿ ಬರಲಿ. ಆಮೇಲೆ ನನಗೆ ಕೊಡಬೇಕು ಅನ್ನಿಸಿದರೆ ತಮ್ಮನ ಮಕ್ಕಳಿಗೆ ನನ್ನ ಬಿ ಷೆಡ್ಯೂಲಿಂದ ಕೊಡ್ತೀನಿ, ದಾನಪತ್ರ ಅಂತಲೇ ಬರೆಸ್ತೀನಿ.

ಮಾವ: ಸರ್ವೆ ನಂಬರ್ ಒಡೆಯೋದಾದರೆ 11ಇ ನಕ್ಷೆ ಬೇಕು. ಸರ್ವೆಗೆ ಅರ್ಜಿ ಹಾಕು, ಅದೇ ತಿಂಗಳುಗಟ್ಟಲೆ ಹಿಡಿಯುತ್ತೆ. ವಂಶವೃಕ್ಷ ಮಾಡಿಸಿದ್ದೀರಾ?

ಅವಳು: ಇದೆ. ಅದರಲ್ಲಿ ನನ್ನ ಹೆಸರು ಬಿಟ್ಟುಹೋಗಿತ್ತು, ನಾಡಕಚೇರಿಗೆ ಹೋಗಿ ಸೇರಿಸಿದೆ.

ಮಾವ: ನಾಲೆ ಕಡೆ ತುಂಡು ಯಾರಿಗೆ?

ಅವಳು: ನನಗೆ ಬೇಕು.

ಮಾವ: ಅವನಿಗೂ ಅದೇ ಬೇಕು. ಮಿಕ್ಕಿದ್ದೆಲ್ಲ ಮೇಲ್ಗಡೆ, ನೀರು ಹತ್ತಲ್ಲ. ಕೂಗಾಡ್ತಾನೆ.

ಅವಳು: ಕೂಗಾಡಲಿ. ನಾನೂ ಕೂಗಾಡ್ತೀನಿ.

ಮಾವ: ಭಾನುವಾರ ಬರೋಕೆ ಹೇಳು ಅವನಿಗೆ, ಹೆಂಡತೀನೂ ಕರ್ಕೊಂಡು ಬರಲಿ. ಪಹಣಿ, ಸೊಸೈಟಿ ಸಾಲದ ಪಾಸ್‌ಬುಕ್ಕು ಎರಡೂ ತರಬೇಕು. ನಿಮ್ಮಮ್ಮನೂ ಕೂರಲಿ. ಊಟ ಹೋಟೆಲಿಂದ ತರಿಸೋಣ.